ಹದ್ದಣ್ಣನ ಸಂಜೆ ನಡಿಗೆ

ಆ ದೊಡ್ಡ ಬಟ್ಟೆ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮ್ಯಾನೇಜರಿನಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರಿಗೂ ಅವನು ಹದ್ದಣ್ಣ. ಹಾಕಿ ನೋಡುತ್ತೇನೆಂದು ಒಂದು ಅಂಗಿ ಹಿಡಿದು ಒಳಗೆ ಹೋಗಿ ಮೈಮೇಲೆ ಎರಡು ಅಂಗಿ ತೊಟ್ಟು ಹೊರಬರುವವರನ್ನು, ತಳ್ಳುಗಾಡಿಯಲ್ಲಿ ಮಲಗಿದ ಕೂಸಿನ ಕೆಳಗೆ ಶಾಲು ಮಡಚಿ ತೂರಿಸುವವರನ್ನು, ಅವನು ನಡಿಗೆ ನೋಡಿಯೇ ಹಿಡಿದುಬಿಡುತ್ತಿದ್ದ. "ಕದ್ದವನು ಬಾಗಿಲು ನೋಡಲ್ಲ ಕಣ್ರೀ. ಬಾಗಿಲೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡ್ತಾನೆ" ಎನ್ನುತ್ತಿದ್ದ. ಅವನ ಹತ್ತಿರ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಆಗ ಅವನು ಮಹಡಿ ಗಾರ್ಡು. ಬೆಳಗಿನಿಂದ ರಾತ್ರಿಯವರೆಗೆ ಮೆಟ್ಟಿಲು ಹತ್ತುವುದು, ಇಳಿಯುವುದು, ಬಟ್ಟೆಯ ಸಾಲುಗಳ ನಡುವೆ ಸುತ್ತುವುದು. ಮನೆಗೆ ಬಂದು ಉಂಡು ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು, ಹೆಂಡತಿ ಹೇಳುತ್ತಿದ್ದ ಮಾತು ಅರ್ಧದಲ್ಲೇ ನಿಲ್ಲುತ್ತಿತ್ತು. ಅವನ ಕಣ್ಣಿನ ಚುರುಕು ಮೇಲಿನವರ ಕಿವಿಗೆ ಬಿದ್ದು, ಅವನನ್ನು ಕ್ಯಾಮೆರಾ ಕೋಣೆಗೆ ಹಾಕಿದರು. ತಂಪು ಗಾಳಿಯ ಪುಟ್ಟ ಕೋಣೆ, ಗೋಡೆ ತುಂಬ ಪರದೆಗಳು, ಚಕ್ರದ ಕುರ್ಚಿ. ಎಲ್ಲರೂ ಕೈಕುಲುಕಿದರು. ಹೆಂಡತಿ ಕುರ್ಚಿಗೆಂದು ಒಂದು ಮೆತ್ತೆ ಹೊಲಿದುಕೊಟ್ಟಳು. ಆ ಮೆತ್ತೆಯ ಮೇಲೆ ಹದ್ದಣ್ಣ ಕೂತದ್ದೇ ಕೂತದ್ದು. ಕೆಲವು ವರ್ಷಗಳಲ್ಲಿ ಹೊಟ್ಟೆ ಮುಂದೆ ಬಂತು. ಎಷ್ಟು ನೀರು ಕುಡಿದರೂ ಬಾಯಿ ಆರುವುದು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುವುದು ಶುರುವಾಯಿತು. ಡಾಕ್ಟರಮ್ಮನ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ.

ಹದ್ದಣ್ಣ ಅದನ್ನು ಸುಲಭಕ್ಕೆ ನಂಬುವ ಆಸಾಮಿಯಲ್ಲ. ಡಾಕ್ಟರಮ್ಮನಿಗೂ ಪಕ್ಕದ ಲ್ಯಾಬಿನವನಿಗೂ ಏನೋ ಒಳಗೊಳಗೇ ಇದೆ ಎಂದು ಅವನ ಲೆಕ್ಕಾಚಾರ. ಬೇರೆ ಬೀದಿಯ ಬೇರೆ ಲ್ಯಾಬಿಗೆ ಹೋಗಿ, ಡಾಕ್ಟರಮ್ಮನ ಹೆಸರು ಬಾಯಿಬಿಡದೆ ರಕ್ತ ಕೊಟ್ಟು ಬಂದ. ಅಲ್ಲೂ ಅದೇ ಬಂತು. "ಎರಡು ಲ್ಯಾಬಿನವರೂ ಒಂದೇ ಕಡೆ ಕಲಿತಿರ್ತಾರೆ" ಎಂದು ಗೊಣಗಿಕೊಂಡೇ ಮಾತ್ರೆ ತಿನ್ನಲು ಶುರು ಮಾಡಿದ. ಒಮ್ಮೆ ಮಾತ್ರೆಯ ಬಣ್ಣ ಬಿಳಿಯಿದ್ದದ್ದು ತೆಳು ಹಳದಿಗೆ ತಿರುಗಿದಾಗ ಔಷಧಿ ಅಂಗಡಿಯವನನ್ನು ನಿಲ್ಲಿಸಿಕೊಂಡು ವಿಚಾರಣೆ ನಡೆಸಿದ. ಕಂಪನಿ ಬೇರೆ, ಮದ್ದು ಒಂದೇ ಎಂದು ಅಂಗಡಿಯವನು ಆಣೆ ಇಟ್ಟು ಹೇಳಬೇಕಾಯಿತು.

ಕಾಯಿಲೆಗಿಂತ ಅವನನ್ನು ಹಣ್ಣುಗಾಯಿ ಮಾಡಿದ್ದು ನಿದ್ದೆಗೇಡು. ಹಾಸಿಗೆಗೆ ಬಿದ್ದರೆ ಕಣ್ಣು ಮುಚ್ಚುತ್ತಿತ್ತೇ ಹೊರತು ತಲೆ ಮುಚ್ಚುತ್ತಿರಲಿಲ್ಲ. ದಿನವಿಡೀ ನೋಡಿದ ಪರದೆಗಳು ರೆಪ್ಪೆಯೊಳಗೆ ಓಡುತ್ತಿದ್ದವು. ಇನ್ನೇನು ಜೊಂಪು ಹತ್ತಿತು ಎನ್ನುವಾಗ ಬಚ್ಚಲಿಗೆ ಹೋಗಬೇಕು. ಬಂದು ಮಲಗಿದರೆ ಪಾದದಲ್ಲಿ ಇರುವೆ ಹರಿದಂತಾಗುವುದು. ಆಮೇಲೆ ಕಿವಿ ಎಚ್ಚರವಾಗುವುದು. ಮೇಲಿನ ಮನೆಯವರು ಇಷ್ಟು ಹೊತ್ತಿನಲ್ಲಿ ಏನು ಎಳೆಯುತ್ತಿದ್ದಾರೆ? ಬೀದಿಯಲ್ಲಿ ಬೈಕು ನಿಂತದ್ದೇಕೆ, ಮತ್ತೆ ಹೊರಟದ್ದೇಕೆ?

ಹೀಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದವನಿಗೆ ಒಂದು ಸಂಗತಿ ಗಮನಕ್ಕೆ ಬಂತು. ಪಕ್ಕದಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಹೆಂಡತಿಯ ಉಸಿರು ತೀರಾ ಅಚ್ಚುಕಟ್ಟಾಗಿತ್ತು. ನಿಜವಾಗಿ ನಿದ್ದೆ ಮಾಡುವವರ ಉಸಿರು ಹಾಗಿರುವುದಿಲ್ಲ. ಅದು ಎಡವುತ್ತದೆ, ನಿಲ್ಲುತ್ತದೆ, ಗೊರಕೆಗೆ ತಿರುಗುತ್ತದೆ. ಇವಳದ್ದು ಅಳತೆ ಹಿಡಿದು ಬಿಟ್ಟಂತೆ. ಇವಳು ಎಚ್ಚರವಾಗಿದ್ದಾಳೆ, ಆದರೂ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದಾಳೆ.

ಯಾಕೆ?

ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಕಳ್ಳನನ್ನು ಮೊದಲೇ ಮಾತಾಡಿಸಬಾರದು, ಸರಕು ಚೀಲದೊಳಗೆ ಹೋಗುವ ತನಕ ಕಾಯಬೇಕು ಎಂಬುದು ಅವನ ಕೆಲಸದ ಪಾಠ. ಕಾದ. ಕಾಯುತ್ತ ಕಾಯುತ್ತ ಇನ್ನಷ್ಟು ಕಂಡವು. ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು. "ನೀವು ಸಪ್ಪೆ ಕುಡೀತಿರೋವಾಗ ನಾನೊಬ್ಬಳೇ ಸಿಹಿ ಕುಡಿಯೋದಾ?" ಎಂದಿದ್ದಳು. ಮೂವತ್ತು ವರ್ಷದಲ್ಲಿ ಅವನಿಗಾಗಿ ಒಂದು ಚಿಟಿಕೆ ಉಪ್ಪನ್ನೂ ಬಿಡದವಳು ಈಗ ಸಕ್ಕರೆ ಬಿಟ್ಟಳೆಂದರೆ? ಅವಳು ಕೆಲಸ ಮಾಡುವ ಶಿಶುವಿಹಾರಕ್ಕೆ ಒಯ್ಯುವ ಚೀಲ ಮೊದಲಿಗಿಂತ ಉಬ್ಬಿತ್ತು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಕೈ ಹಾಕಿ ನೋಡಿದ. ಒಳಗೆ ಒಂದು ಜೊತೆ ಕ್ಯಾನ್ವಾಸ್ ಬೂಟು. ಹೊಸದಲ್ಲ, ಹಿಮ್ಮಡಿ ಸವೆದಿತ್ತು. ಮನೆಯಿಂದ ಹೊರಡುವಾಗ ಅವಳ ಕಾಲಲ್ಲಿ ಇರುತ್ತಿದ್ದದ್ದು ಚಪ್ಪಲಿ. ಹಾಗಾದರೆ ಈ ಬೂಟು ಸವೆದದ್ದು ಎಲ್ಲಿ?

ಆ ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರಮ್ಮ ಅವನ ಕಣ್ಣ ಕೆಳಗಿನ ಕಪ್ಪು ನೋಡಿ, "ನಿದ್ದೆ ಹೇಗಿದೆ?" ಎಂದರು.

"ನಿದ್ದೆನಾ? ಅದು ನಮ್ಮನೆ ವಿಳಾಸ ಮರೆತು ಬಹಳ ದಿನ ಆಯ್ತು. ಅದಕ್ಕೊಂದು ಮಾತ್ರೆ ಕೊಡಿ."

"ಮಾತ್ರೆ ಆಮೇಲೆ ನೋಡೋಣ. ದಿನಕ್ಕೆ ಎಷ್ಟು ನಡೀತೀರಿ?"

"ಬಸ್ ಸ್ಟಾಪಿನಿಂದ ಕುರ್ಚಿವರೆಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಿ, ಸಕ್ಕರೆ ಏರಿದ್ರೆ ರಾತ್ರಿ ಎಬ್ಬಿಸುತ್ತೆ. ನಿದ್ದೆ ಕೆಟ್ರೆ ಮಾರನೇ ದಿನ ಸಕ್ಕರೆ ಇನ್ನೂ ಏರುತ್ತೆ. ಇದು ಎರಡು ಕಡೆಯಿಂದಲೂ ಗಂಟು. ಬಿಚ್ಚೋದಕ್ಕೆ ಒಂದು ಎಳೆ ಅಂದ್ರೆ ನಡಿಗೆ. ಸಂಜೆ ಬೆಳಕಿರೋವಾಗ ಬಿರುಸಾಗಿ ನಡೀರಿ. ಆದ್ರೆ ಖಾಲಿ ಹೊಟ್ಟೇಲಿ ಬೇಡ. ನಿಮ್ಮ ಮಾತ್ರೆ ತಿಂದು ಊಟ ಬಿಟ್ರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ಜೇಬಲ್ಲಿ ಏನಾದ್ರೂ ಸಿಹಿ ಇಟ್ಕೊಂಡಿರಿ." ಆಮೇಲೆ ಸುಮ್ಮನೆ ಕೇಳಿದಂತೆ, "ಮನೆಯವರು ಹೇಗಿದ್ದಾರೆ?" ಎಂದರು.

"ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ" ಎಂದ ಹದ್ದಣ್ಣ. ಡಾಕ್ಟರಮ್ಮ ಚೀಟಿ ಬರೆಯಲು ತಲೆ ತಗ್ಗಿಸಿದರು. ಆ ತಗ್ಗಿಸಿದ ರೀತಿ ಅವನಿಗೆ ಹಿಡಿಸಲಿಲ್ಲ. ಇವರಿಗೂ ಏನೋ ಗೊತ್ತು. ಹೊರಗೆ ಬಂದವನೇ ನಡಿಗೆಯ ಸಲಹೆಯನ್ನೂ ಅನುಮಾನದ ಮೂಟೆಗೆ ಸೇರಿಸಿದ. ಮದ್ದು ಕೊಡಲು ಬಾರದವರು ನಡಿ ಎನ್ನುತ್ತಾರೆ. ಅವನು ನಡೆಯಲಿಲ್ಲ.

ಅವನನ್ನು ನಡೆಸಿದ್ದು ಬೇರೆಯೇ.

ಅಂಗಡಿಯ ಮುಂದಿನ ಕಾಲುದಾರಿಯನ್ನು ಕಾಯುವ ಒಂದು ಕ್ಯಾಮೆರಾ ಇತ್ತು. ಅದರ ಪರದೆಯನ್ನು ಹದ್ದಣ್ಣ ಅಷ್ಟಾಗಿ ನೋಡುತ್ತಿರಲಿಲ್ಲ, ಬೀದಿಯಲ್ಲಿ ಹೋಗುವವರು ಕದಿಯಲು ಅಲ್ಲಿ ಏನಿದೆ? ಒಂದು ಸಂಜೆ ಕಣ್ಣುಜ್ಜಿಕೊಂಡು ತಲೆಯೆತ್ತಿದರೆ, ಆ ಪರದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅವನ ಹೆಂಡತಿ ಹೋದಳು. ತೋಳು ಬೀಸಿಕೊಂಡು, ಕ್ಯಾನ್ವಾಸ್ ಬೂಟು ಹಾಕಿಕೊಂಡು. ಅವಳ ಪಕ್ಕದಲ್ಲಿ ಉದ್ದನೆಯ, ನೆಟ್ಟನೆಯ ಬೆನ್ನಿನ, ನರೆತ ಮೀಸೆಯ ಒಬ್ಬ ಗಂಡಸು. ಅವನು ಏನೋ ಹೇಳಿದ. ಅವಳು ನಕ್ಕಳು.

ಹದ್ದಣ್ಣ ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡ. ಹಿಂದಕ್ಕೆ ಓಡಿಸಿ ನೋಡಿದ. ಅವಳೇ. ಮತ್ತೆ ನೋಡಿದ. ಮಗಳು ಮದುವೆಯಾಗಿ ಹೋದಮೇಲೆ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಶಿಶುವಿಹಾರ ಮುಗಿದ ಮೇಲೆ ನೇರ ಮನೆಗೆ ಹೋಗಿ ಕಾಲು ಚಾಚುತ್ತೇನೆ ಎನ್ನುತ್ತಿದ್ದವಳು ಇವಳೇ ತಾನೆ?

ಆ ರಾತ್ರಿ ಊಟಕ್ಕೆ ಕೂತಾಗ, "ಸಂಜೆ ಏನು ಮಾಡ್ದೆ?" ಎಂದ, ದನಿಯಲ್ಲಿ ಏನೂ ತೋರಗೊಡದೆ.

"ಏನು ಮಾಡೋದು, ಬಂದು ಮಲಗಿದ್ದೆ. ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹಿಡ್ಕೊಂಡಿತ್ತು" ಎಂದಳು, ಅವನ ತಟ್ಟೆಗೆ ಪಲ್ಯ ಬಡಿಸುತ್ತ. ಬಡಿಸುವ ಕೈ ಒಂದಿಷ್ಟೂ ನಡುಗಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಮಾರನೆಯ ದಿನದಿಂದ ಹದ್ದಣ್ಣ ಬೀದಿಯ ಪರದೆಯ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಸಂಜೆ ಆಗುತ್ತಲೇ ಅವರಿಬ್ಬರೂ ಬಂದರು. ಗೇಟಿನಲ್ಲಿ ನಿಲ್ಲುವ ಗಾರ್ಡನ್ನು ಕರೆದು, "ಸ್ವಲ್ಪ ಕೂತಿರು, ಡಾಕ್ಟ್ರು ನಡೀಬೇಕು ಅಂದಿದ್ದಾರೆ" ಎಂದು ಕುರ್ಚಿ ಬಿಟ್ಟುಕೊಟ್ಟ. ಗೇಟಿನವನಿಗೆ ಕೂರುವ ಕೆಲಸ ಸಿಕ್ಕಿತೆಂದು ಖುಷಿ. ಹದ್ದಣ್ಣ ಸರಕು ಇಳಿಸುವ ಹಿಂಬಾಗಿಲಿನಿಂದ ಜಾರಿ, ತಲೆಗೆ ಟೋಪಿ ಎಳೆದುಕೊಂಡು ಬೀದಿಗಿಳಿದ.

ಹಿಂಬಾಲಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದ. ಆದರೆ ಅಂಗಡಿಯ ಸಾಲುಗಳಲ್ಲಿ ಹಿಂಬಾಲಿಸುವುದು ಬೇರೆ, ಬೀದಿಯಲ್ಲಿ ಬೇರೆ. ಅವರಿಬ್ಬರೂ ಓಡುವವರ ಹಾಗೆ ನಡೆಯುತ್ತಿದ್ದರು. ಬ್ಯಾಂಕು ದಾಟುವಷ್ಟರಲ್ಲಿ ಅವನಿಗೆ ಏದುಸಿರು. ಹಳೇ ಸಿನಿಮಾ ಪೋಸ್ಟರ್ ಓದುವವನಂತೆ ನಿಂತ, ಪೆಟ್ರೋಲ್ ಬಂಕಿನ ಗೋಡೆಗೆ ಒರಗಿದ. ತಲೆಯೆತ್ತುವಷ್ಟರಲ್ಲಿ ಅವರು ತಿರುವಿನಲ್ಲಿ ಮಾಯ. ಬೆವರು ಒರೆಸಿಕೊಂಡು ವಾಪಸಾದ. ಎರಡನೆಯ ದಿನ ಇನ್ನಷ್ಟು ದೂರ ಹೋದ. ಆಮೇಲೆ ಮನೆಯಿಂದಲೇ ಮೆತ್ತನೆಯ ಬೂಟು ಹಾಕಿಕೊಂಡು ಬರತೊಡಗಿದ. ಕೆಲಸಕ್ಕೆ ಕಪ್ಪು ಬೂಟೇ ಬೇಕಲ್ಲವಾ ಎಂದು ಹೆಂಡತಿ ಕೇಳಿದ್ದಕ್ಕೆ, "ಕ್ಯಾಮೆರಾ ಕೋಣೇಲಿ ನನ್ನ ಕಾಲು ಯಾರು ನೋಡ್ತಾರೆ?" ಎಂದ. ಅವಳೂ ಮತ್ತೆ ಕೇಳಲಿಲ್ಲ.

ವಾರಗಳು ಉರುಳಿದವು. ಈಗ ಅವರು ಹೋಗುವ ದಾರಿ ಅವನಿಗೆ ಬಾಯಿಪಾಠ. ಅಂಗಡಿ ಬೀದಿ ದಾಟಿ, ಕಾಲುವೆಯ ಏರಿ ಹಿಡಿದು, ನೀರಿನ ಟ್ಯಾಂಕಿರುವ ದಿಬ್ಬ ಹತ್ತಿ, ಶಾಲೆಯ ಮೈದಾನ ಸುತ್ತಿ ಹಿಂದಕ್ಕೆ. ಎಲ್ಲೂ ಕೂರುವುದಿಲ್ಲ, ಯಾವ ಮನೆಗೂ ಹೋಗುವುದಿಲ್ಲ, ಕೈ ಕೈ ಹಿಡಿಯುವುದಿಲ್ಲ. ಒಮ್ಮೊಮ್ಮೆ ಆ ಮೀಸೆಯವನು ಜೇಬಿನಿಂದ ಸೀಟಿ ತೆಗೆದು ಮೆಲ್ಲಗೆ ಊದುತ್ತಾನೆ, ಆಗ ಇಬ್ಬರೂ ಇನ್ನೂ ಬಿರುಸಾಗುತ್ತಾರೆ. ಇದೆಂಥ ಸಂಬಂಧವೋ ಹದ್ದಣ್ಣನ ಬುದ್ಧಿಗೆ ಎಟುಕಲಿಲ್ಲ. ಏನೂ ನಡೆಯುತ್ತಿಲ್ಲ ಎಂದರೆ ಏನನ್ನೋ ಬಹಳ ಜಾಣತನದಿಂದ ಮುಚ್ಚಿಡುತ್ತಿದ್ದಾರೆ ಎಂದೇ ಅವನ ತರ್ಕ.

ಮಗಳು ಫೋನು ಮಾಡಿದಾಗ ಬಾಯಿ ತಡೆಯದೆ, "ನಿನ್ನಮ್ಮ ಈಚೆಗೆ ಬೇರೆ ಥರ ಆಗಿದ್ದಾಳೆ ಅನಿಸಲ್ವಾ?" ಎಂದ.

ಆ ಕಡೆ ಒಂದು ಗಳಿಗೆ ಮೌನ. "ಬೇರೆ ಥರ ಅಂದ್ರೆ?"

"ಏನಿಲ್ಲ. ಸುಮ್ಮನೆ."

"ಅಪ್ಪಾ, ಅಮ್ಮನ್ನೇ ಕೇಳಿ" ಎಂದಳು ಮಗಳು, ಮೆತ್ತಗೆ. ಸರಿ, ಇವಳೂ ಅವರ ಪಾರ್ಟಿ. ಹದ್ದಣ್ಣ ಫೋನು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ನಿಂತ.

ಇದರ ನಡುವೆ ಇನ್ನೊಂದು ವಿಚಿತ್ರ ನಡೆಯಿತು. ಅವನಿಗೆ ನಿದ್ದೆ ಬರತೊಡಗಿತು. ಮೊದಮೊದಲು ಅದು ನಿದ್ದೆ ಎಂದೇ ಅವನಿಗೆ ತಿಳಿಯಲಿಲ್ಲ. ಹೆಂಡತಿಯ ಉಸಿರನ್ನು ಕಾಯೋಣವೆಂದು ಕಿವಿಗೊಟ್ಟು ಮಲಗಿದವನು ಕಣ್ಣು ಬಿಟ್ಟಾಗ ಬೆಳಕು ಹರಿದಿರುತ್ತಿತ್ತು. ಬಚ್ಚಲಿಗೆ ಎದ್ದರೂ ಬಂದು ಬಿದ್ದ ಕೂಡಲೇ ಮತ್ತೆ ಜೊಂಪು. ಸಂತೋಷಪಡುವುದು ಬಿಟ್ಟು ಹದ್ದಣ್ಣ ಹೌಹಾರಿದ. ಕಾವಲಿರಬೇಕಾದ ಹೊತ್ತಿನಲ್ಲಿ ಇಷ್ಟು ನಿದ್ದೆ ಎಲ್ಲಿಂದ ಬಂತು? ಇವಳು ಊಟದಲ್ಲಿ ಏನಾದರೂ ಬೆರೆಸುತ್ತಿದ್ದಾಳೋ? ಎರಡು ದಿನ ತಲೆನೋವಿನ ನೆಪ ಹೇಳಿ ಕ್ಯಾಂಟೀನಿನಿಂದ ಬ್ರೆಡ್ಡು ತಂದು ತಿಂದು ಮಲಗಿದ. ಆಗಲೂ ಗೊರಕೆ. ಆ ಲೆಕ್ಕ ಸುಳ್ಳಾದದ್ದಕ್ಕೆ ಒಳಗೊಳಗೇ ಸಮಾಧಾನವಾದರೂ, ಅದನ್ನು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ. ನಡಿಗೆಯ ಮಾತು ಮಾತ್ರ ಅವನ ತಲೆಗೆ ಹೊಳೆಯಲೇ ಇಲ್ಲ. ಅವನು ನಡೆಯುತ್ತಿರಲಿಲ್ಲವಲ್ಲ, ಪತ್ತೇದಾರಿಕೆ ಮಾಡುತ್ತಿದ್ದ.

ತಪಾಸಣೆಯಲ್ಲಿ ಡಾಕ್ಟರಮ್ಮ ಕಾಗದ ನೋಡಿ ಹುಬ್ಬೇರಿಸಿದರು. "ಪರವಾಗಿಲ್ಲವೇ. ನಡೀತಿದ್ದೀರಾ?"

"ಕೆಲಸದ ಮೇಲೆ ಒಂಚೂರು ಓಡಾಟ" ಎಂದ ಹದ್ದಣ್ಣ. "ಖಾಲಿ ಹೊಟ್ಟೇಲಿ ಮಾತ್ರ ಬೇಡ, ನೆನಪಿರಲಿ" ಎಂದು ಅವರು ಮತ್ತೆ ಹೇಳಿದ್ದು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಹೋಯಿತು.

ಆ ಮಾತಿನ ಬೆಲೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಹದ್ದಣ್ಣ ಮಾತ್ರೆ ನುಂಗಿ ಬುತ್ತಿಯ ಮುಚ್ಚಳ ತೆಗೆಯುವಷ್ಟರಲ್ಲಿ, ಮೇಲಿನ ಮಹಡಿಯಲ್ಲಿ ಇಬ್ಬರು ಹೆಂಗಸರು ಕೋಟು ಕದ್ದರೆಂದು ಗಲಾಟೆಯೆದ್ದಿತು. ಯಾರು, ಯಾವಾಗ, ಯಾವ ಬಾಗಿಲು ಎಂದು ಮ್ಯಾನೇಜರು ತಲೆಯ ಮೇಲೆ ನಿಂತು ಹುಡುಕಿಸಿದ. ಹುಡುಕಿ ಮುಗಿಯುವಾಗ ಸಂಜೆ. ಬುತ್ತಿಗೆ ಕೈ ಹಾಕಬೇಕು, ಆಗಲೇ ಬೀದಿಯ ಪರದೆಯಲ್ಲಿ ಹೆಂಡತಿ ಕಾಣಿಸಿದಳು. ಅವತ್ತು ಅವಳ ಮುಖ ಬಾಡಿತ್ತು, ಮೀಸೆಯವನು ಬಗ್ಗಿ ಏನೋ ಸಮಾಧಾನ ಹೇಳುತ್ತಿದ್ದ. ಇವತ್ತು ಗುಟ್ಟು ರಟ್ಟಾಗುತ್ತದೆ ಎಂದು ಹದ್ದಣ್ಣನ ಮನಸ್ಸು ಹೇಳಿತು. ಬುತ್ತಿ ಹಾಗೇ ಬಿಟ್ಟು ಎದ್ದ.

ಕಾಲುವೆಯ ಏರಿಯ ತನಕ ಏನೂ ತಿಳಿಯಲಿಲ್ಲ. ದಿಬ್ಬ ಏರುವಾಗ ಅಂಗಿ ಬೆನ್ನಿಗೆ ಅಂಟಿತು. ಬಿಸಿಲಿನ ಬೆವರಲ್ಲ, ತಣ್ಣನೆಯ ಬೆವರು. ಕೈಬೆರಳು ತಾವಾಗಿಯೇ ನಡುಗತೊಡಗಿದವು. ಹೊಟ್ಟೆಯೊಳಗೆ ಯಾರೋ ಕೈಹಾಕಿ ಹಿಂಡಿದಂಥ ಹಸಿವು. ಮುಂದೆ ಹೋಗುತ್ತಿದ್ದ ಇಬ್ಬರು ನಾಲ್ವರಾದರು, ಮತ್ತೆ ಇಬ್ಬರಾದರು, ಆಮೇಲೆ ಅಂಚುಗಳೇ ಅಳಿಸಿಹೋದವು. ಯಾರೋ ತನಗೆ ವಿಷ ಹಾಕಿದ್ದಾರೆ ಎನಿಸಿತು. ಗೇಟಿನವನು? ಕ್ಯಾಂಟೀನಿನವನು? ಒಂದು ಹೆಸರೂ ಬಾಯಿಗೆ ಬರಲಿಲ್ಲ. ಟ್ಯಾಂಕಿನ ಬೇಲಿ ಹಿಡಿಯಲು ಕೈ ಚಾಚಿದ. ಬೇಲಿ ಇರಬೇಕಾದ ಜಾಗದಲ್ಲಿರಲಿಲ್ಲ. ಹುಲ್ಲಿನ ಮೇಲೆ ಕುಸಿದ.

ಮೊದಲು ಕೇಳಿಸಿದ್ದು ಸೀಟಿ. ಆಮೇಲೆ ಬೂಟಿನ ಸದ್ದು.

"ಹೇಳ್ಲಿಲ್ವಾ ನಿಮಗೆ, ಯಾರೋ ಟೋಪಿಯವನು ದಿನಾ ಹಿಂದೆ ಬರ್ತಾನೆ ಅಂತ" ಎಂದಿತು ಗಂಡಸಿನ ದನಿ. "ಸರ ಕಿತ್ಕೊಂಡು ಹೋಗೋನು ಅಂತ ನಾನು ಕೈಯಲ್ಲಿ ಕಲ್ಲು ಹಿಡ್ಕೊಂಡೇ ನಡೀತಿದ್ದೆ."

"ಕಲ್ಲು ಕೆಳಗೆ ಹಾಕಿ ಮಾಸ್ತರೇ, ಇವರು ನಮ್ಮ ಯಜಮಾನರು" ಎಂದಿತು ಹೆಂಡತಿಯ ದನಿ. ಅವಳು ಮಂಡಿಯೂರಿ ಕೂತು ಅವನ ತಲೆಯನ್ನು ತೊಡೆಗೆ ಆನಿಸಿಕೊಂಡಳು. "ರೀ, ನನ್ನ ಮಾತು ಕೇಳಿಸ್ತಿದೆಯಾ? ಇದನ್ನ ಬಾಯಲ್ಲಿ ಇಟ್ಕೊಳ್ಳಿ. ಅಗೀರಿ. ನುಂಗಿ."

ಸಿಹಿ. ಅದರ ಹಿಂದೆ ಇನ್ನೊಂದು. ಆಮೇಲೆ ಬಾಟಲಿಯಿಂದ ಸಕ್ಕರೆ ನೀರು, ಗುಟುಕು ಗುಟುಕಾಗಿ. ಮಾಸ್ತರು ಅವನ ನಾಡಿ ಹಿಡಿದು, ಬಣ್ಣ ಮರಳುವುದನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಲೋಕದ ಅಂಚುಗಳು ಒಂದೊಂದಾಗಿ ವಾಪಸು ಬಂದವು. ಟ್ಯಾಂಕು, ಬೇಲಿ, ಮೀಸೆ, ಹೆಂಡತಿಯ ಮುಖ. ಅವಳು ಚೀಲದಿಂದ ಬಿಸ್ಕೀಟು ತೆಗೆದು ಕೈಗಿಟ್ಟಳು. "ಇದನ್ನೂ ತಿನ್ನಿ. ಬರೀ ಸಕ್ಕರೆ ನಿಲ್ಲಲ್ಲ."

ತಿನ್ನುತ್ತ ತಿನ್ನುತ್ತ ಹದ್ದಣ್ಣನೊಳಗಿನ ಕಾವಲುಗಾರ ಎಚ್ಚರಗೊಂಡ. ನಾಲಿಗೆ ಇನ್ನೂ ತೊದಲುತ್ತಿದ್ದರೂ ಕೇಳಿದ. "ನೀನು ಚೀಲದಲ್ಲಿ ಇದೆಲ್ಲ ಯಾಕೆ ಇಟ್ಕೊಂಡಿದ್ದೀಯ? ನಾನು ಬೀಳ್ತೀನಿ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಮಾಸ್ತರು ಎದ್ದು, ಬೇಲಿಯ ಆಚೆ ಏನನ್ನೋ ನೋಡುವವರಂತೆ ದೂರ ಹೋಗಿ ನಿಂತರು.

"ನನಗಾಗಿ ಇಟ್ಕೊಂಡದ್ದು" ಎಂದಳು. "ನನಗೂ ಇದೆ ರೀ. ಎರಡು ವರ್ಷ ಆಗ್ತಾ ಬಂತು."

ಹದ್ದಣ್ಣನ ಕೈಯಲ್ಲಿದ್ದ ಬಿಸ್ಕೀಟು ಹಾಗೇ ಉಳಿಯಿತು.

ಶಿಶುವಿಹಾರದಲ್ಲಿ ಕೆಲಸದವರೆಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಗಿತ್ತು. ಅದೇ ಡಾಕ್ಟರಮ್ಮ, ಅದೇ ಸಲಹೆ. ಶಿಶುವಿಹಾರದ ಪಕ್ಕದ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದ ಈ ಮೀಸೆಯವರು ಸಕ್ಕರೆಯವರನ್ನು ಸೇರಿಸಿ ಒಂದು ನಡಿಗೆಯ ಗುಂಪು ಕಟ್ಟಿದ್ದರು. ಕಾಯಿಲೆಯನ್ನು ಲೆಕ್ಕಿಸದೆ ಒಂದು ಕಾಲಿನ ಬೆರಳು ಕಳೆದುಕೊಂಡ ಮೇಲೆ ಬಂದ ಬುದ್ಧಿ ಅದು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಗುಂಪಿನಲ್ಲಿ ಒಬ್ಬೊಬ್ಬರೇ ಜಾರಿಕೊಂಡು ಕೊನೆಗೆ ಉಳಿದವಳು ಇವಳೊಬ್ಬಳೇ. ಅವತ್ತು ಮುಖ ಬಾಡಿದ್ದು ಯಾಕೆಂದರೆ, ಅಷ್ಟೆಲ್ಲ ನಡೆದರೂ ಅವಳ ಹೊಸ ಫಲಿತಾಂಶ ನೆಟ್ಟಗಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದ ಹದ್ದಣ್ಣ.

"ಹೇಗೆ ಹೇಳ್ಲಿ? ನಿಮಗೆ ಬಂದಾಗ ಮನೆ ತುಂಬ ನಿಮ್ಮ ಕಾಯಿಲೆಯೇ. ನಿಮ್ಮ ಊಟ, ನಿಮ್ಮ ಮಾತ್ರೆ, ನಿಮ್ಮ ನಿದ್ದೆ. ಲ್ಯಾಬಿನವನ ಮೇಲೆ ಅನುಮಾನ, ಡಾಕ್ಟ್ರ ಮೇಲೆ ಅನುಮಾನ. ಅದರೊಳಗೆ ನಂದೊಂದು ಎಲ್ಲಿ ತೂರಿಸ್ಲಿ? ಒಬ್ಬರು ಮಲಗಿದ್ರೆ ಇನ್ನೊಬ್ಬರು ಎದ್ದಿರಬೇಕಲ್ಲ ಅಂತ ಸುಮ್ನಿದ್ದೆ."

"ರಾತ್ರಿ ನೀನು ನಿದ್ದೆ ಬಂದ ಹಾಗೆ ನಟಿಸ್ತಿದ್ದದ್ದು?"

"ನನಗೂ ನಿದ್ದೆ ಇರಲಿಲ್ಲ. ನಾನು ಎಚ್ಚರ ಇದ್ದೀನಿ ಅಂತ ಗೊತ್ತಾದ್ರೆ ನೀವು ವಿಚಾರಣೆ ಶುರು ಮಾಡ್ತೀರಿ. ಅದಕ್ಕೆ ಗೋಡೆ ನೋಡ್ಕೊಂಡು ಬಿದ್ದಿರ್ತಿದ್ದೆ."

ಅವನು ನೋಡಿದ್ದೆಲ್ಲ ನಿಜವಾಗಿತ್ತು. ಉಸಿರು ನಿಜ, ಬೂಟು ನಿಜ, ಸಪ್ಪೆ ಚಹಾ ನಿಜ, ಡಾಕ್ಟರಮ್ಮನ ತಗ್ಗಿಸಿದ ತಲೆ, ಮಗಳ ಮೌನ, ಎಲ್ಲವೂ ನಿಜ. ಅದನ್ನೆಲ್ಲ ಪೋಣಿಸಿದ ದಾರವೊಂದೇ ಅವನ ಸ್ವಂತದ್ದು. ಹದ್ದಣ್ಣನಿಗೆ ಹುಲ್ಲಿನೊಳಗೆ ಇಳಿದುಹೋದರೆ ಸಾಕು ಎನಿಸಿತು.

"ನಾನು ಹಿಂದೆ ಬರ್ತಿದ್ದದ್ದು ಗೊತ್ತಿತ್ತಾ ನಿನಗೆ?"

"ಮಾಸ್ತರು ಟೋಪಿಯವನು ಅಂದಾಗ ಒಂದು ಸಲ ಅಂಗಡಿ ಗಾಜಿನಲ್ಲಿ ನೋಡ್ದೆ. ನಿಮ್ಮ ನಡಿಗೆ ನನಗೆ ಗೊತ್ತಾಗಲ್ವಾ?" ಅವಳ ದನಿ ಒಡೆಯಿತು. "ಅವತ್ತು ಮನೆಗೆ ಹೋಗಿ ಅತ್ತೆ. ಇಷ್ಟು ವರ್ಷ ಜೊತೆಗಿದ್ದವಳನ್ನ ಬಟ್ಟೆ ಕದಿಯೋರ ಹಾಗೆ ಹಿಂದೆ ಬಿದ್ದು ನೋಡ್ತಿದ್ದಾರಲ್ಲ ಅಂತ. ಜಗಳ ಆಡಬೇಕು ಅಂತಲೇ ಕಾದಿದ್ದೆ. ನೀವು ಬಂದು ಉಂಡು ಮಲಗಿ ಗೊರಕೆ ಹೊಡೆದ್ರಿ. ಎಷ್ಟೋ ಕಾಲದ ಮೇಲೆ. ಸರಿ, ಯಾವ ನೆಪಕ್ಕಾದ್ರೂ ಆಗ್ಲಿ ನಡೀತಿದ್ದಾರಲ್ಲ ಅಂತ ಹಲ್ಲು ಕಚ್ಚಿಕೊಂಡೆ."

ಹದ್ದಣ್ಣ ತಲೆ ತಗ್ಗಿಸಿದ. ತಪ್ಪಾಯ್ತು ಎನ್ನಬೇಕಾದವನು ಅಂಗಿಯ ಮೇಲೆ ಬಿದ್ದ ಬಿಸ್ಕೀಟಿನ ಪುಡಿ ಕೊಡವಿಕೊಂಡ. ಮಾಸ್ತರು ದೂರದಿಂದ ಕೆಮ್ಮಿ, "ಬೆಳಕು ಇಳೀತಿದೆ, ಇವರನ್ನ ಡಾಕ್ಟ್ರ ಹತ್ತಿರ ತೋರಿಸ್ಬಿಡೋಣ" ಎಂದರು. ಒಂದು ಕಡೆ ಮಾಸ್ತರು, ಇನ್ನೊಂದು ಕಡೆ ಹೆಂಡತಿ, ನಡುವೆ ಹದ್ದಣ್ಣ. ದಿಬ್ಬ ಇಳಿದರು.

ಡಾಕ್ಟರಮ್ಮ ಗಂಡ ಹೆಂಡತಿಯನ್ನು ಮೊದಲ ಸಲ ಒಟ್ಟಿಗೆ ನೋಡಿ ಕುರ್ಚಿಗೆ ಒರಗಿದರು. ಅವನಿಗೆ ಚೆನ್ನಾಗಿಯೇ ಬೈದರು, ಮಾತ್ರೆಯ ಪ್ರಮಾಣ ಇಳಿಸಿದರು. "ಈಗ ನಿದ್ದೆ ಬರ್ತಿದೆಯಂತಲ್ಲ, ಎಲ್ಲಿಂದ ಬಂತು ಗೊತ್ತಾ?" ಎಂದು ಕೇಳಿದರು. "ನಡಿಗೆಯಿಂದ" ಎಂದು ಹದ್ದಣ್ಣ ಈಗ ವಾದಿಸದೆ ಒಪ್ಪಿಕೊಂಡ. "ನಿಮಗೂ ಬರುತ್ತೆ, ಸ್ವಲ್ಪ ನಿಧಾನ" ಎಂದರು ಹೆಂಡತಿಯ ಕಡೆ ತಿರುಗಿ. "ಎಲ್ಲರ ಮೈಯೂ ಒಂದೇ ವೇಗದಲ್ಲಿ ಮಾತು ಕೇಳಲ್ಲ. ಮನಸ್ಸಲ್ಲಿ ಏನಾದ್ರೂ ಅದುಮಿಟ್ಕೊಂಡಿದ್ರೆ ಇನ್ನೂ ತಡ."

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹಲವು ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಅಷ್ಟೇ. ಹದ್ದಣ್ಣ ಮ್ಯಾನೇಜರನ್ನು ಕಾಡಿ ಬೇಡಿ ಅರ್ಧ ದಿನ ಮಹಡಿಗೆ, ಅರ್ಧ ದಿನ ಪರದೆಗೆ ಎಂದು ಮಾಡಿಸಿಕೊಂಡ. ಸಂಜೆಯ ಬಿಡುವಿನಲ್ಲಿ ಈಗ ಮುಂಬಾಗಿಲಿನಿಂದಲೇ ಹೊರಬೀಳುತ್ತಿದ್ದ. ಮೊದಲ ದಿನ ಅವಳ ಪಕ್ಕಕ್ಕೆ ಹೋಗಲು ಧೈರ್ಯ ಸಾಲದೆ ಹತ್ತು ಹೆಜ್ಜೆ ಹಿಂದೆಯೇ ನಡೆದ. ಮಾಸ್ತರು ತಿರುಗಿ ನೋಡಿ, "ಸಾಲಿಗೆ ಬನ್ನಿ ಸ್ವಾಮಿ" ಎಂದು ಕರೆದ ಮೇಲೆ ಬಂದು ಸೇರಿಕೊಂಡ. ಅವಳು ಅತ್ತ ಸರಿಯಲಿಲ್ಲ, ಇತ್ತ ನೋಡಲೂ ಇಲ್ಲ.

ಅನುಮಾನ ಅವನ ರಕ್ತದಲ್ಲೇ ಇತ್ತು, ಅದು ಎಲ್ಲಿಗೂ ಹೋಗಲಿಲ್ಲ. ಔಷಧಿ ಅಂಗಡಿಯವನನ್ನು ಈಗಲೂ ಒಂದು ಕಣ್ಣಲ್ಲಿ ನೋಡುತ್ತಾನೆ. ಆದರೆ ಹೆಂಡತಿಯ ವಿಷಯಕ್ಕೆ ಬಂದಾಗ ಮನಸ್ಸು ಮೂಸಲು ಶುರುಮಾಡಿದರೆ, ಬಾಯಿ ಬಿಟ್ಟು ಕೇಳಿಬಿಡುವುದನ್ನು ರೂಢಿ ಮಾಡಿಕೊಂಡ. "ಯಾರ ಫೋನು?" "ಮುಖ ಯಾಕೆ ಹಾಗಿದೆ?" ಅವಳಿಗೆ ಕಿರಿಕಿರಿಯಾದರೂ ಉತ್ತರ ಕೊಡುತ್ತಾಳೆ. ತಪ್ಪಾಯ್ತು ಎಂಬ ಮಾತನ್ನೂ ಒಂದು ದಿನ ಕಾಲುವೆಯ ಏರಿಯ ಮೇಲೆ, ಮಾಸ್ತರು ಬೂಟಿನ ದಾರ ಕಟ್ಟಿಕೊಳ್ಳಲು ನಿಂತಿದ್ದಾಗ, ಗಡಬಡಿಸಿ ಹೇಳಿಬಿಟ್ಟ. ಅವಳು "ಹ್ಞೂಂ" ಎಂದಳು. ಆ ಹ್ಞೂಂನಲ್ಲಿ ಎಷ್ಟು ಕ್ಷಮೆ, ಎಷ್ಟು ಬಾಕಿ ಎಂದು ಅವನಿಗೆ ಅಳೆಯಲು ಬರಲಿಲ್ಲ.

ಅವನಿಗೆ ಈಗ ಹೆಚ್ಚುಕಡಿಮೆ ನಿದ್ದೆ ಬರುತ್ತದೆ. ಅವಳಿಗೆ ಇನ್ನೂ ಪೂರ್ತಿ ಬರುವುದಿಲ್ಲ. ಮೊನ್ನೆ ಭಾನುವಾರ ಮಧ್ಯಾಹ್ನ ಅವಳಿಗೆ ಕುರ್ಚಿಯಲ್ಲೇ ಕಣ್ಣು ಹತ್ತಿತು. ಹದ್ದಣ್ಣ ಕಿಟಕಿಯ ಪರದೆ ಎಳೆದ, ಗಲಗಲ ಎನ್ನುತ್ತಿದ್ದ ಫ್ಯಾನು ನಿಲ್ಲಿಸಿದ, ಮೇಲಿನ ಮನೆಗೆ ಹೋಗಿ ಒಂದು ತಾಸು ಏನನ್ನೂ ಎಳೆಯಬೇಡಿ ಎಂದು ಕೇಳಿಕೊಂಡು ಬಂದ. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸದ್ದಾಗದಂತೆ ಪಾತ್ರೆ ತೊಳೆಯಲು ನಿಂತ. ಕೊನೆಯ ತಟ್ಟೆ ತೊಳೆಯುವಾಗ ಹಿಂದೆ ಬಾಗಿಲು ಕಿರ್ ಎಂದಿತು. ಹೆಂಡತಿ ಕಣ್ಣು ಕಿರಿದು ಮಾಡಿಕೊಂಡು ಅವನನ್ನೂ ತೊಳೆದಿಟ್ಟ ಪಾತ್ರೆಗಳನ್ನೂ ಸರದಿಯಂತೆ ನೋಡುತ್ತ ನಿಂತಿದ್ದಳು.

"ಏನು ಮಾಡ್ಕೊಂಡು ಬಂದಿದ್ದೀರಿ?" ಎಂದಳು. "ನಿಜ ಹೇಳಿ."